‘ಒಂದು ಸೈಟ್ ಹೇಳಿ ಅಕ್ಕಾ’ ಅನ್ನುವವರಿಗೆಲ್ಲ ಒಂದೇ ಸಲ ಉತ್ತರ

“ನೀವು ಮನೇಲೇ ಕೂತು ಆನ್‌ಲೈನ್ ಕೆಲಸ ಮಾಡ್ತೀರಂತಲ್ಲ, ನಂಗೂ ಒಂದು ಸೈಟ್ ಹೇಳಿ ಅಕ್ಕಾ.” ತೀರ್ಥಹಳ್ಳಿ ಕಡೆ ಯಾವ ಮದುವೆಮನೆಗೆ ಹೋದರೂ ಪಾಯಸ ಬಡಿಸುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಡಿಗ್ರಿ ಮುಗಿಸಿದ ಹುಡುಗರು, ಮಗು ಚಿಕ್ಕದಿದೆ ಎಂದು ಕೆಲಸ ಬಿಟ್ಟ ಹೆಣ್ಣುಮಕ್ಕಳು, ಬೆಂಗಳೂರು ಸಾಕಾಗಿ ತೋಟಕ್ಕೆ ವಾಪಸ್ ಬಂದವರು. ಕೆಲವು ಸಲ ಹುಡುಗನ ಅಪ್ಪನೇ ಕೇಳುತ್ತಾರೆ: “ನಮ್ಮವನಿಗೆ ಎಂತಾದ್ರೂ ಒಂದು ದಾರಿ ತೋರಿಸು ಮಾರಾಯ್ತಿ.”

ನನ್ನ ಕೆಲಸ ಕನ್ನಡ ವಿಡಿಯೋಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕುವುದು, ಬೇರೆಯವರು ಮಾಡಿದ ಅನುವಾದ ತಿದ್ದುವುದು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನರ ಮುಖ ನಾನು ನೋಡಿಲ್ಲ.

ಸೈಟಿನ ಹೆಸರು ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಅಪ್‌ವರ್ಕ್, ಫೈವರ್, ಫ್ರೀಲಾನ್ಸರ್ ಡಾಟ್ ಕಾಮ್, ಕೆಲಸ ಕೊಡುವವರೂ ಮಾಡುವವರೂ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಈ ಸೈಟುಗಳೆಲ್ಲ ಗೂಗಲ್ ಮಾಡಿದರೆ ಸಿಗುವಂಥವು. ಖಾತೆ ತೆರೆಯಲು ದುಡ್ಡು ಬೇಡ. ಆದರೆ ನಾನು ತಿರುಗಿ ಕೇಳುವುದು, “ಯಾರಿಗಾದರೂ ತೋರಿಸಲು ನಿನ್ನ ಹತ್ತಿರ ಎಂತ ಇದೆ?” ಇಷ್ಟು ಕೇಳಿದ ಕೂಡಲೇ ಹೆಚ್ಚಿನವರು ಸುಮ್ಮನಾಗುತ್ತಾರೆ. ಉಳಿದವರ ಉತ್ತರ ಒಂದೇ: “ಟೈಪಿಂಗ್ ಬರ್ತದೆ, ಡೇಟಾ ಎಂಟ್ರಿ ಮಾಡ್ತೀನಿ.”

ಈ ಡೇಟಾ ಎಂಟ್ರಿಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಕಡೆಯ ಹುಡುಗರು ದುಡ್ಡು ಕಳೆದುಕೊಳ್ಳುತ್ತಿರುವುದು ಇಲ್ಲೇ. ವಾಟ್ಸಾಪಿಗೋ ಟೆಲಿಗ್ರಾಂಗೋ ಒಂದು ಮೆಸೇಜ್ ಬರುತ್ತದೆ. ಮನೆಯಲ್ಲೇ ಕೆಲಸ, ಪುಟಕ್ಕಿಷ್ಟು ಎಂದು ಹಣ. ಒಂದು ಕರಾರುಪತ್ರ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಾರೆ, ಆಧಾರ್ ಫೋಟೊ ಕೇಳುತ್ತಾರೆ. ಮಸುಕು ಮಸುಕಾದ ಸ್ಕ್ಯಾನ್ ಪುಟಗಳನ್ನು ಕೊಟ್ಟು ವಾರದೊಳಗೆ ಟೈಪ್ ಮಾಡಿ ಎನ್ನುತ್ತಾರೆ. ಹುಡುಗ ನಿದ್ದೆಗೆಟ್ಟು ಮಾಡಿ ಕೊಡುತ್ತಾನೆ. ಆಮೇಲೆ ಬರುವುದು ಸಂಬಳ ಅಲ್ಲ, “ನಿಮ್ಮ ಕೆಲಸದಲ್ಲಿ ತಪ್ಪು ಜಾಸ್ತಿ, ಕರಾರು ಮುರಿದಿದ್ದೀರಿ, ಇಷ್ಟು ಸಾವಿರ ಕಟ್ಟಿ, ಇಲ್ಲದಿದ್ದರೆ ಕೋರ್ಟು” ಎಂಬ ನೋಟಿಸು. ವಕೀಲರ ಹೆಸರು, ಸೀಲು ಎಲ್ಲ ಇರುತ್ತದೆ. ಮನೆಯಲ್ಲಿ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಎಂದು ಹೆದರಿ ಕಟ್ಟಿದವರಿದ್ದಾರೆ. ಕಟ್ಟಬೇಡಿ. ಆ ನೋಟಿಸು ಹೆದರಿಸಲಿಕ್ಕೆಂದೇ ಮಾಡಿದ ಕಾಗದ. ಆಗಲೇ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಹೋದ ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಅದನ್ನು ಮಧ್ಯದಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೆಲಸ ಕೊಡುವವರು ಕೆಲಸ ಮಾಡುವವರ ಹತ್ತಿರ ದುಡ್ಡು ಕೇಳುವುದಿಲ್ಲ. ನೋಂದಣಿ ಶುಲ್ಕ, ಟ್ರೈನಿಂಗ್ ಕಿಟ್, ಸೆಕ್ಯುರಿಟಿ ಡೆಪಾಸಿಟ್ ಎಂದು ಯಾವ ಹೆಸರಿನಲ್ಲಿ ಕೇಳಿದರೂ ಅಲ್ಲಿಂದ ಎದ್ದು ಬನ್ನಿ. “ನಿಮ್ಮ ಅಪ್‌ವರ್ಕ್ ಖಾತೆ ನಮಗೆ ಬಾಡಿಗೆಗೆ ಕೊಡಿ, ತಿಂಗಳಿಗಿಷ್ಟು ಕೊಡ್ತೀವಿ” ಅನ್ನುವವರೂ ಇದ್ದಾರೆ. “ನಿಮ್ಮ ಬ್ಯಾಂಕ್ ಖಾತೆಗೆ ಹಣ ಹಾಕ್ತೀವಿ, ಕಮಿಷನ್ ಇಟ್ಕೊಂಡು ಮುಂದೆ ಕಳಿಸಿ” ಅನ್ನುವವರು ಇನ್ನೂ ಅಪಾಯ. ಅದು ಬೇರೆ ಯಾರಿಂದಲೋ ಕದ್ದ ಹಣ ಆಗಿರುತ್ತದೆ. ನಾಳೆ ಪೊಲೀಸರು ಖಾತೆ ಫ್ರೀಜ್ ಮಾಡಿಸಿದಾಗ ಸಿಕ್ಕಿಬೀಳುವುದು ನೀವು.

ಹಾಗಾದರೆ ಯಾವ ಕೆಲಸ? ಹೊಸ ಕೋರ್ಸು ಹುಡುಕುವ ಮೊದಲು ಈಗಾಗಲೇ ಮಾಡುತ್ತಿರುವುದನ್ನು ನೋಡಿಕೊಳ್ಳಿ. ಶಿವಮೊಗ್ಗದ ದುರ್ಗಿಗುಡಿ ಕಡೆ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಸ್ಮರಣ ಸಂಚಿಕೆ ಮಾಡಿ ಪಳಗಿದವರಿಗೆ ತಮ್ಮ ಕೈಯಲ್ಲಿ ಎಂತ ಇದೆ ಎಂದೇ ಗೊತ್ತಿರುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ, ಇ-ಪುಸ್ತಕವೂ ಆಗುವುದಿಲ್ಲ. ಪರಿವರ್ತಕಗಳೇನೋ ಇವೆ, ಆದರೆ ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ. ಪರಿವರ್ತಿಸಿ, ಮೂಲದ ಪಕ್ಕ ಇಟ್ಟುಕೊಂಡು ಸಾಲು ಸಾಲು ತಿದ್ದಿಕೊಡುವವರು ಪ್ರಕಾಶಕರಿಗೆ ಬೇಕು. ನುಡಿ ಕೀಲಿಮಣೆಯಲ್ಲೇ ಯೂನಿಕೋಡ್ ಟೈಪ್ ಮಾಡಬಹುದು, ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ಬರೀ ಟೈಪಿಂಗಿಗೂ ಇದಕ್ಕೂ ದರದಲ್ಲಿ ವ್ಯತ್ಯಾಸ ಇದೆ.

ಬಿಕಾಂ ಮುಗಿಸಿ ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಕಲಿತವರು ಆನ್‌ಲೈನ್ ಮಾರಾಟಗಾರರ ಲೆಕ್ಕ ತಾಳೆ ಹಾಕಿಕೊಡಬಹುದು. ಫೋಟೊಗ್ರಾಫರ್ ಜೊತೆ ಆಲ್ಬಂ ಮಾಡಿದವರು ವಿಡಿಯೋ ಎಡಿಟಿಂಗ್ ಕಡೆ ಹೊರಳಬಹುದು. ಬರೀ ಟೈಪಿಂಗು, ಬರೀ ಪದಕ್ಕೆ ಪದ ಅನುವಾದ ನಂಬಿಕೊಂಡು ಮಾತ್ರ ಈಗ ಇಳಿಯಬೇಡಿ. ಅದನ್ನು ಎಐ ಮಾಡುತ್ತದೆ. ನನಗೂ ಈಗ ಬರುವ ಕೆಲಸದಲ್ಲಿ ಬಹಳಷ್ಟು “ಮಷೀನ್ ಮಾಡಿದ್ದನ್ನು ಸರಿಮಾಡಿಕೊಡಿ” ಎಂಬುದೇ. ದರ ಕಮ್ಮಿ, ಕಿರಿಕಿರಿ ಹೆಚ್ಚು. ಆದರೂ ನಾಲ್ಕು ಜನ ಒಟ್ಟಿಗೆ ಮಾತಾಡುವ ವಿಡಿಯೋ ಬಂದರೆ, ಅದರಲ್ಲೊಬ್ಬರು ಮಲೆನಾಡಿನ ಅಜ್ಜ ಆಗಿದ್ದರೆ, ಮಷೀನು ಇನ್ನೂ ಕೈಚೆಲ್ಲುತ್ತದೆ.

ತೋರಿಸಲು ಬೇಕಾದ ಮಾದರಿ ತಯಾರಿಸಲು ಗಿರಾಕಿ ಬೇಕಿಲ್ಲ. ಸಬ್‌ಟೈಟಲ್ ಕಲಿಯಬೇಕಾದರೆ ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶ ಸಾಕು. ಮನೆಯಲ್ಲಿ ಅಜ್ಜಿ ಕಳಲೆ ಹೆಚ್ಚುತ್ತಾ ಮಾತಾಡುವುದನ್ನು ಮೊಬೈಲಿನಲ್ಲಿ ಎರಡು ನಿಮಿಷ ಹಿಡಿಯಿರಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬರಬಾರದು, ಇಂಗ್ಲಿಷಿನಲ್ಲಿ ಸಾಲಿಗೆ 42 ಅಕ್ಷರದ ಆಸುಪಾಸು, ಪರದೆಯ ಮೇಲೆ ಏಳು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಅಜ್ಜಿ ಹೇಳಿದ್ದರಲ್ಲಿ ಯಾವುದನ್ನು ಬಿಡಬೇಕು ಎಂಬುದು ಆಗ ಗೊತ್ತಾಗುತ್ತದೆ, ಈ ಕೆಲಸ ಇರುವುದೇ ಅಲ್ಲಿ. ಹೀಗೆ ಮೂರು ಮಾದರಿ ಇದ್ದರೆ ಪ್ರೊಫೈಲ್ ತೆರೆಯಬಹುದು.

ಖಾತೆ ತೆರೆಯುವಾಗ ನಮ್ಮವರಿಗೆ ಮೊದಲು ಎದುರಾಗುವ ಕಾಟ ಹೆಸರಿನದ್ದು. ಆಧಾರಿನಲ್ಲಿ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಥರ. ಗುರುತಿನ ಪರಿಶೀಲನೆಯಲ್ಲಿ ಇದು ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಮೂರೂ ಕಡೆ ಒಂದೇ ಹೆಸರು ಮಾಡಿಸಿಕೊಳ್ಳಿ. ಬೇಸರದ ಓಡಾಟ, ಮಾಡಲೇಬೇಕು.

ಇನ್ನು ಅರ್ಜಿ, ಅಂದರೆ ಪ್ರಪೋಸಲ್. ಯಾರೋ ಒಬ್ಬರು “20 ನಿಮಿಷದ ಕನ್ನಡ ಸಂದರ್ಶನ, ಇಂಗ್ಲಿಷ್ ಸಬ್‌ಟೈಟಲ್ ಬೇಕು, ಶುಕ್ರವಾರದೊಳಗೆ” ಎಂದು ಹಾಕಿದ್ದಾರೆ ಎಂದುಕೊಳ್ಳಿ. ಹೊಸಬರು ಬರೆಯುವುದು ಹೀಗೆ: “ಮಾನ್ಯರೇ, ನಾನು ಪ್ರಾಮಾಣಿಕಳು, ಶ್ರಮಪಟ್ಟು ದುಡಿಯುವವಳು, ಬೇಗ ಕಲಿಯುತ್ತೇನೆ, ದಯವಿಟ್ಟು ಒಂದು ಅವಕಾಶ ಕೊಡಿ.” ಶಾಲೆಯ ರಜಾ ಅರ್ಜಿಯ ಧಾಟಿ ನಮ್ಮನ್ನು ಬಿಡುವುದೇ ಇಲ್ಲ. ನಾನಾದರೆ ಹೀಗೆ ಬರೆಯುತ್ತೇನೆ: “ನೀವು ಹಾಕಿದ ತುಣುಕು ನೋಡಿದೆ. ಮಾತಾಡುವ ಇಬ್ಬರಲ್ಲಿ ಒಬ್ಬರದು ಧಾರವಾಡದ ಕನ್ನಡ, ನನಗೆ ತೊಡಕಿಲ್ಲ. ಮೊದಲ ಒಂದು ನಿಮಿಷಕ್ಕೆ ಸಬ್‌ಟೈಟಲ್ ಹಾಕಿ ಲಗತ್ತಿಸಿದ್ದೇನೆ. ಗುರುವಾರ ಸಂಜೆ ಪೂರ್ತಿ ಕೊಡುತ್ತೇನೆ. ಊರು, ವ್ಯಕ್ತಿಗಳ ಹೆಸರನ್ನು ಇಂಗ್ಲಿಷಿನಲ್ಲಿ ನೀವು ಹೇಗೆ ಬರೆಯುತ್ತೀರಿ ಎಂಬ ಪಟ್ಟಿ ಇದ್ದರೆ ಕಳಿಸಿ.” ಕೊನೆಯ ಸಾಲಿಗೆ ಬೆಲೆ ಜಾಸ್ತಿ. ಈ ಕೆಲಸ ಮಾಡಿದವರಿಗೆ ಮಾತ್ರ ಆ ಪ್ರಶ್ನೆ ಹೊಳೆಯುತ್ತದೆ, ಅದು ಗಿರಾಕಿಗೂ ಗೊತ್ತಿರುತ್ತದೆ. ಪುಕ್ಕಟೆ ಮಾದರಿ ಒಂದು ನಿಮಿಷದ್ದು ಮಾತ್ರ. “ಟೆಸ್ಟ್‌ಗೆ ಪೂರ್ತಿ ಮಾಡಿ ಕೊಡಿ” ಅನ್ನುವವರಿಗೆ ನಮಸ್ಕಾರ ಹೇಳಿ.

ಅಪ್‌ವರ್ಕ್‌ನಲ್ಲಿ ಅರ್ಜಿ ಹಾಕಲು ಕನೆಕ್ಟ್ಸ್ ಎಂಬ ಟೋಕನ್ ಖರ್ಚಾಗುತ್ತದೆ, ಮುಗಿದರೆ ಕೊಳ್ಳಬೇಕು. ಹಾಗಾಗಿ ಕಂಡಕಂಡದ್ದಕ್ಕೆಲ್ಲ ಹಾಕಬೇಡಿ. ಗಿರಾಕಿಯ ಪಾವತಿ ವಿಧಾನ ದೃಢೀಕರಿಸಿದೆಯಾ, ಮೊದಲು ಯಾರಿಗಾದರೂ ಕೆಲಸ ಕೊಟ್ಟಿದ್ದಾರಾ, ಆ ಕೆಲಸ ಮಾಡಿದವರು ಗಿರಾಕಿಯ ಬಗ್ಗೆ ಏನು ಬರೆದಿದ್ದಾರೆ ಎಂದು ನೋಡಿ. ನಿಮ್ಮ ಸಂಪಾದನೆಯಲ್ಲಿ ಫೈವರ್ ಶೇಕಡಾ 20 ಹಿಡಿಯುತ್ತದೆ, ಅಪ್‌ವರ್ಕ್ ಒಪ್ಪಂದ ನೋಡಿ ಶೇಕಡಾ 15ರವರೆಗೂ ಹಿಡಿಯಬಹುದು. ದರ ಹೇಳುವಾಗ ಇದನ್ನು ಸೇರಿಸಿಯೇ ಹೇಳಿ.

ಇಡೀ ಕೆಲಸಕ್ಕೆ ಇಂತಿಷ್ಟು ಎಂದು ಒಪ್ಪುವುದು ಅಡಿಕೆ ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿದ ಹಾಗೆ. ಮರದ ಮೇಲಿರುವ ಫಸಲನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಲು ಬರಬೇಕು, ತಪ್ಪಿದರೆ ನಷ್ಟ ನಿಮ್ಮದೇ. ಅದಕ್ಕೆ ಮೊದಲು ಹತ್ತು ನಿಮಿಷದ ವಿಡಿಯೋಗೆ ನಿಮಗೆ ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಇಟ್ಟು ನೋಡಿಕೊಳ್ಳಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದನ್ನೂ ಮೊದಲೇ ಬರೆಯಿರಿ. ಗಿರಾಕಿ ಹಣವನ್ನು ಸೈಟಿನಲ್ಲಿ ಎಸ್ಕ್ರೋಗೆ, ಅಂದರೆ ಕೆಲಸ ಮುಗಿಯುವವರೆಗೆ ಹಣ ಹಿಡಿದಿಡುವ ಖಾತೆಗೆ, ಹಾಕಿದ್ದು ಕಂಡ ಮೇಲೆಯೇ ಕೆಲಸಕ್ಕೆ ಕೈ ಹಾಕಿ. ಕೆಲಸ ಒಪ್ಪಿಸಿದ ಮೇಲೆ ಅಪ್‌ವರ್ಕ್‌ನಲ್ಲಿ ಗಿರಾಕಿಗೆ ನೋಡಲು 14 ದಿನ ಇರುತ್ತದೆ, ಆಮೇಲೆ ಇನ್ನೂ 5 ದಿನ ಹಣ ತಡೆದಿಡುತ್ತಾರೆ. “ಹಣ ಬರಲೇ ಇಲ್ಲ” ಎಂದು ಗಾಬರಿಯಲ್ಲಿ ಫೋನ್ ಮಾಡುವವರಲ್ಲಿ ಹೆಚ್ಚಿನವರು ಈ ಲೆಕ್ಕ ನೋಡಿರುವುದಿಲ್ಲ.

ವಿದೇಶದಿಂದಲೇ ಶುರು ಮಾಡಬೇಕು ಎಂಬ ಹಠ ಯಾಕೆ ಎಂಬುದು ನನಗೆ ಅರ್ಥವಾಗಿಲ್ಲ. ಆಗುಂಬೆ, ಸಾಗರದ ಕಡೆ ಹೋಂಸ್ಟೇಗಳಿವೆ, ಗೂಗಲ್ ಮ್ಯಾಪಿನಲ್ಲಿ ಅವುಗಳ ಫೋಟೊ ನೋಡಿದರೆ ಅಳು ಬರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಕಾಳುಮೆಣಸು ಕೊರಿಯರ್ ಮಾಡುವವರಿದ್ದಾರೆ. ಅವರಿಗೆ ಸರಿಯಾದ ಲೇಬಲ್ ಇಲ್ಲ, ಸಾಮಾನಿನ ಪಟ್ಟಿ ಇಲ್ಲ. ಇಂಥವರಲ್ಲಿ ಒಂದಿಬ್ಬರಿಗೆ ಮಾಡಿಕೊಟ್ಟರೆ ತೋರಿಸಲು ನಿಜವಾದ ಕೆಲಸವೇ ಆಯಿತು, ಹಣ ಯುಪಿಐನಲ್ಲಿ ಅಂದೇ ಬರುತ್ತದೆ. ಚೌಕಾಸಿ ಮಾಡುತ್ತಾರೆ, ಮಾಡಲಿ. ಅರ್ಧ ಮುಂಗಡ ತೆಗೆದುಕೊಳ್ಳಿ, ಅದರಲ್ಲೂ ನೆಂಟರಾದರೆ ತಪ್ಪದೆ. “ನಮ್ಮ ಹುಡುಗಿನೇ ಅಲ್ವಾ” ಎಂದು ಶುರುವಾದ ಕೆಲಸದ ಬಾಕಿ ವಸೂಲಿ ಮಾಡಿದವರನ್ನು ನಾನು ನೋಡಿಲ್ಲ.

ತೆರಿಗೆಯನ್ನು ಚುಟುಕಾಗಿ ಹೇಳುತ್ತೇನೆ. ಹೊರದೇಶದ ಹಣ ಪೇಯೋನೀರ್‌ನಂಥ ಸೇವೆಯಿಂದಲೋ ನೇರ ಬ್ಯಾಂಕಿಗೋ ಬರುತ್ತದೆ. ಅದು ಯಾವುದಕ್ಕೆ ಬಂತು ಎನ್ನುವ ದಾಖಲೆಯನ್ನು ಪ್ರತಿ ಸಲ ಇಳಿಸಿ ಇಟ್ಟುಕೊಳ್ಳಿ. ಇಲ್ಲಿನ ಕಂಪನಿಗಳು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕೊಟ್ಟಿದ್ದರೆ, ನಿಮ್ಮ ಆದಾಯಕ್ಕೆ ತೆರಿಗೆ ಇಲ್ಲದಿದ್ದಾಗ ಅದು ವಾಪಸ್ ಬರುವುದು ರಿಟರ್ನ್ ಹಾಕಿದರೆ ಮಾತ್ರ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ದಾಟುವ ಹೊತ್ತಿಗೆ ಆಡಿಟರ್‌ಗೆ ಫೀಸು ಕೊಡುವ ಶಕ್ತಿಯೂ ಬಂದಿರುತ್ತದೆ.

ಕೊನೆಗೆ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮರ ಬಿದ್ದರೆ ಕರೆಂಟೂ ಫೈಬರೂ ಒಟ್ಟಿಗೆ ಹೋಗುತ್ತವೆ. ಮೆಸ್ಕಾಂ ಲೈನ್‌ಮನ್ ಬರುವವರೆಗೆ ಕಾಯುವುದು ಬಿಟ್ಟು ದಾರಿ ಇಲ್ಲ. ನ್ಯೂಯಾರ್ಕಿನ ಗಿರಾಕಿಗೆ ಬೆಳಿಗ್ಗೆ ಒಂಬತ್ತಾದಾಗ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅವರು ಎದ್ದು ಮೇಲ್ ನೋಡುವ ಹೊತ್ತಿಗೇ ನಮ್ಮಲ್ಲಿ ಗುಡುಗು. ನಾನು ಮಳೆಗಾಲದಲ್ಲಿ ಯಾವ ಗಡುವನ್ನೂ ಒಂದು ದಿನ ಹೆಚ್ಚಿಗೆ ಕೇಳಿಯೇ ಒಪ್ಪುತ್ತೇನೆ, ವಿಡಿಯೋಗಳನ್ನು ಬಂದ ಕೂಡಲೇ ಇಳಿಸಿಕೊಳ್ಳುತ್ತೇನೆ, ಎರಡು ಕಂಪನಿಯ ಸಿಮ್ ಇಟ್ಟುಕೊಂಡಿದ್ದೇನೆ. “ನಮ್ಮಲ್ಲಿ ಮಳೆ, ಕರೆಂಟು ಹೋಗಬಹುದು” ಎಂದು ಮೊದಲೇ ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಗಡುವು ಮೀರಿದ ಮೇಲೆ ಬರೆದರೆ ಅದು ನೆಪ ಅನ್ನಿಸಿಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕೇಳುವ ಮುಂದಿನ ಪ್ರಶ್ನೆಯೂ ಗೊತ್ತಿದೆ: “ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಅಕ್ಕಾ?” ತಗೊಳ್ಳಬೇಡಿ. ಮನೆಯಲ್ಲಿ ಇರುವುದಕ್ಕೆ ಹಳೆಯ ಹಾರ್ಡ್ ಡಿಸ್ಕಿನ ಬದಲು ವೇಗವಾದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ. ಬ್ಯಾಟರಿ ಸತ್ತಿದ್ದರೆ ಅದನ್ನು ಮೊದಲು ಬದಲಿಸಿ, ಅದೂ ಜೂನ್‌ ಬರುವುದರೊಳಗೆ.