ಚಂದ್ರತಾಲ್‌ನಲ್ಲಿ ಬೇಯದ ಅನ್ನ

ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ, ಜಯನಗರದ ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆ ಪಗಡಿಯನ್ನೆಲ್ಲ ಅತ್ತೆ ಮನೆ ಅಟ್ಟಕ್ಕೆ ಏರಿಸಿ ಹೊರಟವರು ನಾವಿಬ್ಬರು. ಈ ವಯಸ್ಸಲ್ಲಿ ಇದೇನು ಅಲೆದಾಟ ಅಂತ ಎಲ್ಲರೂ ಕೇಳಿದರು. ಕೇಳಲಿ ಬಿಡಿ.

ಐದನೇ ತಿಂಗಳಿಗೆ ಹಿಮಾಚಲದ ಚಂದ್ರತಾಲ್. ಸುಮಾರು 4,300 ಮೀಟರ್ ಎತ್ತರ. ಸರೋವರದ ದಡದಲ್ಲಿ ಟೆಂಟ್ ಹಾಕುವಂತಿಲ್ಲ, ದೂರದಲ್ಲೇ ಹಾಕಬೇಕು. ಅಷ್ಟು ಎತ್ತರದಲ್ಲಿ ನೀರು 86 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ಹಾಗಾಗಿ ಮುಕ್ಕಾಲು ಗಂಟೆ ಬೇಯಿಸಿದರೂ ಅನ್ನದ ಅಗುಳು ಮೇಲೆ ಮುದ್ದೆ, ಒಳಗೆ ಕಲ್ಲು. ಕುಕ್ಕರ್ ಬೇಡ, ಭಾರ ಜಾಸ್ತಿ ಅಂತ ಹಟ ಹಿಡಿದವಳು ನಾನೇ ಅಲ್ವಾ! ಇವರು ಏನೂ ಅನ್ನಲಿಲ್ಲ, ಸುಮ್ನೆ ಅವಲಕ್ಕಿ ಡಬ್ಬ ತೆಗೆದು ಉಪ್ಪಿನಕಾಯಿ ಕಲಸಿಕೊಟ್ಟರು.

ಮಾರನೇ ದಿನ ಕುಂಜುಮ್ ಪಾಸ್ ದಾಟಿ ಕಾಜಾ ಪೇಟೆಗೆ ಇಳಿದ ಕೂಡಲೇ, ಮೊದಲು ಕೊಂಡಿದ್ದು ಕುಕ್ಕರ್.