ಎಸ್ಟೀಮ್ ಡೈರಿ: ಅಲ್ಯೂಮಿನಿಯಂ ಆರ್ಮ್ ಬಿಚ್ಚಿದೆ

ದೀಪಾವಳಿಗೆ ನನ್ನ ಮಾರುತಿ ಎಸ್ಟೀಮ್ ಕಾರಿಗೆ ಅಷ್ಟು ಖುಷಿಯಿಂದ ಹಾಕಿದ್ದ, ಚಕ್ರವನ್ನು ಗಾಡಿಯ ಅಡಿಭಾಗಕ್ಕೆ ಜೋಡಿಸುವ ಲೋವರ್ ಆರ್ಮ್‌ಗಳನ್ನು ಈ ಭಾನುವಾರ ಬಿಚ್ಚಿಬಿಟ್ಟೆ. ಆರು ಸಾವಿರ ಕಿಲೋಮೀಟರ್ ಕೂಡ ಓಡಿರಲಿಲ್ಲ.

ಡ್ರಾಯಿಂಗ್ ನನ್ನದೇ. 6061-ಟಿ6 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಪ್ಲೇಟು, ಪೈಪು, ಬೆಸೆಯಲು 4043 ಫಿಲ್ಲರ್ ರಾಡ್, ಟಿಗ್ ವೆಲ್ಡಿಂಗ್. ಪುಣೆ ಹತ್ತಿರದ ಭೋಸರಿಯಲ್ಲಿ ಮಾಡಿಸಿದ್ದೆ. ವೆಲ್ಡಿಂಗ್ ನೋಡಲು ಎಷ್ಟು ಚೆಂದ ಇತ್ತು ಅಂದರೆ ಪೇಂಟ್ ಹಚ್ಚಲು ಮನಸ್ಸೇ ಬಂದಿರಲಿಲ್ಲ.

ಜಾಕ್ ಹಾಕಿ, ಆರ್ಮ್ ತೊಳೆದು, ಬಿರುಕಿದ್ದರೆ ಒಳಗಿಳಿಯುವ ಕೆಂಪು ಡೈ ಪೆನೆಟ್ರೆಂಟ್ ಹೊಡೆದೆ. ಚಹಾ ಕುಡಿದು ಬಂದು ಒರೆಸಿ, ಒಳಗಿಳಿದ ಬಣ್ಣವನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಸ್ಪ್ರೇ ಮಾಡಿದೆ. ರಬ್ಬರ್ ಬುಷ್ ಕೂರುವ ಕಡೆ, ವೆಲ್ಡ್ ಮುಗಿಯುವ ಅಂಚಿನಲ್ಲೇ, ಕೂದಲೆಳೆಯಂಥ ಕೆಂಪು ಗೆರೆ ನಿಧಾನಕ್ಕೆ ಮೇಲೆದ್ದಿತು. ಸರಿಯಾಗಿ ಒರೆಸಿಲ್ಲವೇನೋ ಅಂತ ಮತ್ತೆ ಮೊದಲಿಂದ ಮಾಡಿದೆ. ಮತ್ತೆ ಅಲ್ಲೇ.

ತಪ್ಪು ವೆಲ್ಡರ್‌ನದಲ್ಲ, ನನ್ನ ಲೆಕ್ಕದ್ದು. ಟಿ6 ಆದರೆ ಯೀಲ್ಡ್, ಅಂದರೆ ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ, ಸುಮಾರು 276 ಎಂಪಿಎ (ಮೆಗಾಪಾಸ್ಕಲ್). ಇಡೀ ಆರ್ಮ್‌ಗೆ ಅದನ್ನೇ ಹಿಡಿದಿದ್ದೆ. ಆದರೆ ವೆಲ್ಡಿಂಗ್ ಬಿಸಿಗೆ ಪಕ್ಕದ ಲೋಹದ ಟೆಂಪರ್ (ಕಾಯಿಸಿ ಕೊಟ್ಟ ಗಟ್ಟಿತನ) ಹೋಗುತ್ತದೆ, ಬಲ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಅದು ವಾಪಸ್ ಬರಬೇಕಾದರೆ ಇಡೀ ಭಾಗವನ್ನು 530 ಡಿಗ್ರಿ ಆಸುಪಾಸು ಕಾಯಿಸಿ, ನೀರಿಗೆ ಹಾಕಿ, ಆಮೇಲೆ ಗಂಟೆಗಟ್ಟಲೆ ಹದವಾದ ಬಿಸಿಯಲ್ಲಿಟ್ಟು ಏಜಿಂಗ್ ಮಾಡಬೇಕು. ತೆಳು ಆರ್ಮ್ ನೀರಿಗೆ ಬಿದ್ದಾಗ ಸೊಟ್ಟಗಾದರೆ ಮುಗೀತು.

ಇನ್ನೊಂದು ತೊಂದರೆ ಪುಣೆಯ ರಸ್ತೆ. ಸ್ಟೀಲ್ ಒಂದು ಮಿತಿಯೊಳಗಿನ ಹೊಡೆತವನ್ನು ಎಷ್ಟು ಸಲ ಬೇಕಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ, ಸಣ್ಣ ಪೆಟ್ಟುಗಳೂ ಜಮಾ ಆಗುತ್ತಲೇ ಇರುತ್ತವೆ. ರೇಸ್ ಗಾಡಿಯಾದರೆ ಆಗಾಗ ಬಿಚ್ಚಿ ನೋಡುತ್ತಾರೆ. ನಾನು ದಿನಾ ಕಾತ್ರಜ್‌ನಿಂದ ಹಿಂಜವಡಿಗೆ ಹೋಗುವವನು, ದಿನಾ ಯಾರು ಬಿಚ್ಚುತ್ತಾರೆ? ಕಂಪನಿಯ ಅಲ್ಯೂಮಿನಿಯಂ ಆರ್ಮ್‌ಗಳು ಗಟ್ಟಿ ಅಲ್ವಾ ಅಂತ ಗೆಳೆಯ ಕೇಳಿದ. ಅವು ಹೆಚ್ಚಾಗಿ ಫೋರ್ಜ್ (ಒತ್ತಿ ಬಡಿದು ರೂಪಿಸಿದ) ಇಲ್ಲವೇ ಕಾಸ್ಟ್ (ಎರಕ ಹೊಯ್ದು) ಮಾಡಿದವು, ನನ್ನ ಹಾಗೆ ತುಂಡು ಜೋಡಿಸಿದವಲ್ಲ.

ಬಿರುಕಿನ ಮೇಲೆ ಇನ್ನೊಂದು ವೆಲ್ಡ್ ಹೊಡೆಸೋಣ ಅನಿಸಿತ್ತು. ನಮ್ಮ ವಿಜಯಪುರದ ಮೆಕ್ಯಾನಿಕ್ ಒಂದೇ ಮಾತಲ್ಲಿ ಮುಗಿಸಿದ: "ಸಾಹೇಬ್ರ, ಸ್ಟೀಲ್ ಆರ್ಮ್ ಗುಂಡಿಗೆ ಬಿದ್ರ ಬಾಗತೈತಿ, ಸ್ಟೇರಿಂಗ್ ಎಳದು ಹೇಳತೈತಿ. ಇದು ಹೇಳದ ಮುರಿತೈತಿ."

ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠೆಯಿಂದ ಮಾಮೂಲಿ ಸ್ಟೀಲ್ ಆರ್ಮ್ ತಂದು ಹಾಕಿದ್ದೇವೆ. ಒಂದೊಂದು ಕಡೆ ಒಂಬೈನೂರು ಗ್ರಾಂ ಜಾಸ್ತಿ, ಇರಲಿ. ಬುಷ್ ಬೋಲ್ಟ್‌ಗಳನ್ನು ಗಾಡಿ ನೆಲಕ್ಕಿಳಿಸಿದ ಮೇಲೆಯೇ ಬಿಗಿದೆವು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಅಲೈನ್‌ಮೆಂಟ್ ಶನಿವಾರ. ಹಳೆಯ ಎರಡೂ ಆರ್ಮ್‌ಗಳನ್ನು ಗರಗಸದಲ್ಲಿ ತುಂಡು ಮಾಡಿ ಗುಜರಿಗೆ ಕೊಟ್ಟೆ, ಯಾರಾದರೂ ಎತ್ತಿಕೊಂಡು ಹೋಗಿ ಹಾಕಿಕೊಂಡಾರು ಅಂತ.