ಸಂಸಾರ ಸಮೇತ ಮುಂಬೈಗೆ: ರೂಮು ಹಿಡಿಯುವ ಮೊದಲು ಏರಿಯಾ ಹಿಡಿಯಿರಿ

ಮುಂಬೈ ಅಗಲದ ಊರಲ್ಲ, ಉದ್ದದ ಊರು. ದಕ್ಷಿಣದ ತುದಿಯಲ್ಲಿ ಕೊಲಾಬಾ, ನಡುವೆ ದಾದರ್, ಅಲ್ಲಿಂದ ಮೇಲಕ್ಕೆ ಬಾಂದ್ರಾ, ಅಂಧೇರಿ, ಬೋರಿವಲಿ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಐದರಿಂದ ಎಂಟೂವರೆವರೆಗೆ ಉತ್ತರಕ್ಕೆ ವಾಪಸಾಗುತ್ತದೆ. ಪ್ರವಾಸಿಗರು ನೋಡಬೇಕೆನ್ನುವ ಜಾಗಗಳೂ ಬಹುಪಾಲು ದಕ್ಷಿಣದಲ್ಲೇ ಇವೆ. ಹಾಗಾಗಿ ಕಡಿಮೆ ಬಾಡಿಗೆಯ ಆಸೆಗೆ ಅಂಧೇರಿಯಲ್ಲೋ ಬೋರಿವಲಿಯಲ್ಲೋ ಇಳಿದುಕೊಂಡ ಕುಟುಂಬ ಬೆಳಿಗ್ಗೆಯೂ ಸಂಜೆಯೂ ಆಫೀಸಿನ ಜನರ ಜೊತೆ ಒಂದೇ ದಿಕ್ಕಿಗೆ ಹೊರಡುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅಂಧೇರಿಯಿಂದ ಕೆಲವೇ ಸ್ಟೇಷನ್ನುಗಳಲ್ಲಿ ನಿಲ್ಲುವ ಚರ್ಚ್‌ಗೇಟ್ ಫಾಸ್ಟ್ ಲೋಕಲ್ ರೈಲಿಗೆ ಅಜ್ಜಿಯನ್ನೂ ಐದು ವರ್ಷದ ಮಗುವನ್ನೂ ಹತ್ತಿಸುತ್ತೇವೆ ಎನ್ನುವವರು ಆ ಪ್ಲಾಟ್‌ಫಾರ್ಮನ್ನು ಇನ್ನೂ ನೋಡಿಲ್ಲ.

ದಕ್ಷಿಣದಲ್ಲಿ ಉಳಿದರೆ ಲೆಕ್ಕ ತಿರುಗುತ್ತದೆ. ಹೆಚ್ಚಿನ ಜಾಗಗಳಿಗೆ ನಡೆದೇ ಹೋಗಬಹುದು, ಇಲ್ಲವೇ ಸಣ್ಣ ಟ್ಯಾಕ್ಸಿ ದಾರಿ. ಒಂದು ದಿನ ಕಾನ್ಹೇರಿ ಗುಹೆಗೆಂದು ಬೋರಿವಲಿಗೆ ಹೊರಟರೂ ಬೆಳಗಿನ ಹೊತ್ತು ಉತ್ತರದ ಗಾಡಿ ಖಾಲಿ, ಸಂಜೆ ದಕ್ಷಿಣದ ಗಾಡಿ ಖಾಲಿ. ನಾನು ಯಾರಿಗೇ ಏರಿಯಾ ಹೇಳುವಾಗಲೂ ಮೊದಲು ನೋಡುವುದು ಇದನ್ನೇ: ನೀವು ಜನರ ಎದುರು ದಿಕ್ಕಿಗೆ ಹೋಗುತ್ತೀರೋ, ಜೊತೆಗೆ ಹೋಗುತ್ತೀರೋ. ಎಷ್ಟು ಕಿಲೋಮೀಟರು ಎನ್ನುವುದು ಆಮೇಲೆ.

ನೋಡಬೇಕಾದ ಜಾಗಗಳನ್ನು ಒಂದು ಹಾಳೆಯಲ್ಲಿ ದಾದರ್‌ನಿಂದ ಕೆಳಗೆ, ದಾದರ್‌ನಿಂದ ಮೇಲೆ ಎಂದು ಎರಡು ಭಾಗ ಮಾಡಿ ಬರೆದುಕೊಳ್ಳಿ. ಗೇಟ್‌ವೇ ಆಫ್ ಇಂಡಿಯಾ, ಎಲಿಫೆಂಟಾ ದೋಣಿ, ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ, ಮರೀನ್ ಡ್ರೈವ್, ಗಿರ್‌ಗಾಂವ್ ಚೌಪಾಟಿ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ ದೇವಸ್ಥಾನ, ಹಾಜಿ ಅಲಿ, ನೆಹರೂ ವಿಜ್ಞಾನ ಕೇಂದ್ರ, ಭಾಯಖಳಾದ ರಾಣಿಬಾಗ್ ಮೃಗಾಲಯ, ಸಿದ್ಧಿವಿನಾಯಕ, ಇವೆಲ್ಲ ಕೆಳಗಿನ ಪಟ್ಟಿಗೆ ಬರುತ್ತವೆ. ಮೇಲಿನ ಪಟ್ಟಿಯಲ್ಲಿ ಜುಹೂ, ಬಾಂದ್ರಾ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಮೂರು-ನಾಲ್ಕು ದಿನದ ಪ್ರವಾಸಕ್ಕೆ ಕೆಳಗಿನ ಪಟ್ಟಿಯೇ ಸಾಕು. ವಾರದ ರಜೆಯನ್ನೂ ಪಕ್ಕದಲ್ಲೇ ಬರೆದಿಡಿ: ಎಲಿಫೆಂಟಾ ಮತ್ತು ಸಂಜಯ್ ಗಾಂಧಿ ಉದ್ಯಾನ ಸೋಮವಾರ ಮುಚ್ಚಿರುತ್ತವೆ, ರಾಣಿಬಾಗ್ ಬುಧವಾರ. ಸಿದ್ಧಿವಿನಾಯಕನಿಗೆ ಮಂಗಳವಾರ ರಜೆಯಿಲ್ಲ, ಆದರೆ ಅಂದಿನ ಕ್ಯೂ ಮಕ್ಕಳಿಗೆ ಆಗಿಬರುವುದಿಲ್ಲ.

ಇನ್ನು ದುಡ್ಡಿನ ಮಾತು. 2025ರ ಫೆಬ್ರವರಿಯಿಂದ ಕಾಳಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಯ ಮೀಟರ್ ಮೊದಲ ಒಂದೂವರೆ ಕಿ.ಮೀ.ಗೆ 31 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 20.66. ದಾದರ್‌ನಿಂದ ಗೇಟ್‌ವೇಗೆ ಸುಮಾರು 11 ಕಿ.ಮೀ. ಎಂದಿಟ್ಟರೆ 230 ರೂಪಾಯಿಯ ಆಸುಪಾಸು. ಅಂಧೇರಿಯಿಂದಾದರೆ 26 ಕಿ.ಮೀ., ಕಾಯುವ ಶುಲ್ಕ ಬಿಟ್ಟೇ 530 ದಾಟುತ್ತದೆ. ಟ್ಯಾಕ್ಸಿಯಲ್ಲಿ ನಾಲ್ಕೇ ಜನ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಅಜ್ಜ, ಅಜ್ಜಿ ಎಂದು ಆರು ಜನವಾದರೆ ಎರಡು ಟ್ಯಾಕ್ಸಿ. ಹೋಗಿ ಬರುವ ಖರ್ಚು ಅಂಧೇರಿಯಿಂದ ದಿನಕ್ಕೆ 2,100ರ ಮೇಲೆ, ದಾದರ್‌ನಿಂದ 900 ಚಿಲ್ಲರೆ. ಅಂಧೇರಿಯ ಎರಡು ರೂಮು ಸೇರಿ ದಿನಕ್ಕೆ 1,200 ರೂಪಾಯಿಯಾದರೂ ಅಗ್ಗವಾಗಿರದಿದ್ದರೆ ಉಳಿತಾಯ ಏನೂ ಇಲ್ಲ. ಟ್ರಾಫಿಕ್‌ನಲ್ಲಿ ಕೂತ ಹೊತ್ತಿಗಂತೂ ಬೆಲೆಯೇ ಕಟ್ಟಿಲ್ಲ. ಆಟೊ ಅಗ್ಗವಲ್ಲವೇ ಎಂದರೆ, ಅಗ್ಗವೇ, ಶುರುವಿನ ದರ 26 ರೂಪಾಯಿ. ಆದರೆ ಆಟೊ ಬಾಂದ್ರಾ ಮತ್ತು ಸಯನ್‌ನಿಂದ ಕೆಳಗೆ ಬರುವಂತಿಲ್ಲ. ಬೆಂಗಳೂರಿನ ಅಭ್ಯಾಸದಲ್ಲಿ ಕೊಲಾಬಾದಲ್ಲಿ ನಿಂತು ಆಟೊ ಹುಡುಕಬೇಡಿ.

ಈಗ ಏರಿಯಾಗಳಿಗೆ ಬರೋಣ.

ಫೋರ್ಟ್, ಚರ್ಚ್‌ಗೇಟ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸುತ್ತಮುತ್ತ ಎರಡು ದಿನದ ತಿರುಗಾಟವನ್ನು ಕಾಲ್ನಡಿಗೆಯಲ್ಲೇ ಮುಗಿಸಬಹುದು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದವರಿಗೆ ಸ್ಟೇಷನ್ನಿನಿಂದ ರೂಮು ಹತ್ತಿರ. ತೊಂದರೆ ಇರುವುದು ಕಟ್ಟಡಗಳಲ್ಲಿ. ಇಲ್ಲಿನ ಅಗ್ಗದ ಲಾಡ್ಜುಗಳು ಹಳೆಯ ಕಟ್ಟಡದ ಮೂರನೆಯದೋ ನಾಲ್ಕನೆಯದೋ ಮಹಡಿಯಲ್ಲಿರುತ್ತವೆ. ಲಿಫ್ಟ್ ಇದೆ ಎಂದು ಬರೆದಿದ್ದರೂ ಅದು ಎಲ್ಲಿಂದ ಶುರು, ಎಷ್ಟು ಜನ ಹಿಡಿಸುತ್ತದೆ ಎಂದು ಫೋನ್ ಮಾಡಿ ಕೇಳಿ. ಮೊಣಕಾಲು ನೋವಿನ ಹಿರಿಯರಿದ್ದರೆ ಇದೊಂದೇ ಪ್ರಶ್ನೆಯಲ್ಲಿ ಅರ್ಧ ಪಟ್ಟಿ ಖಾಲಿಯಾಗುತ್ತದೆ. ಕಿಟಕಿ ರಸ್ತೆಗೆ ತೆರೆಯುತ್ತದೆಯೋ, ಒಳಗಿನ ಗಾಳಿಗಂಡಿಗೋ? ಬಾತ್‌ರೂಮು ರೂಮಿಗೇ ಸೇರಿದ್ದೋ, ಪಡಸಾಲೆಯಲ್ಲೋ? ಬಿಸಿನೀರು ಎಷ್ಟು ಹೊತ್ತಿನವರೆಗೆ? ಎಕ್ಸ್‌ಟ್ರಾ ಬೆಡ್ ಎಂದರೆ ಮಂಚವೋ, ನೆಲದ ಹಾಸಿಗೆಯೋ, ಹಾಸಿದ ಮೇಲೆ ಓಡಾಡಲು ಜಾಗ ಉಳಿಯುತ್ತದೆಯೋ? ಫೋಟೊದಲ್ಲಿ ದೊಡ್ಡದಾಗಿ ಕಾಣುವ ರೂಮು ಮೂಲೆಯಿಂದ ತೆಗೆದ ಅಗಲದ ಚಿತ್ರವಷ್ಟೇ ಆಗಿರಬಹುದು. ಇನ್ನೊಂದು ವಿಷಯ, ಫೋರ್ಟ್ ಆಫೀಸುಗಳ ಏರಿಯಾ. ಭಾನುವಾರ ರಸ್ತೆ ಖಾಲಿ, ಮಕ್ಕಳ ಜೊತೆ ನಡೆಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಆದರೆ ತಿಂಡಿ-ಊಟದ ಹೋಟೆಲುಗಳಲ್ಲಿ ಎಷ್ಟೋ ಅಂದು ಬಾಗಿಲು ಹಾಕಿರುತ್ತವೆ.

ಕೊಲಾಬಾ ಗೇಟ್‌ವೇಗೆ ಹತ್ತಿರ, ಬಾಡಿಗೆ ಜಾಸ್ತಿ, ರಾತ್ರಿ ಗದ್ದಲ. ದಿನಾ ಎರಡು ಹೊತ್ತು ಅನ್ನ-ಸಾರು ಬೇಕೆನ್ನುವ ಹಿರಿಯರಿದ್ದರೆ ಅದು ಅವರ ಜಾಗವಲ್ಲ.

ಕರ್ನಾಟಕದಿಂದ ಹೋಗುವ ಸಾಧಾರಣ ಕುಟುಂಬಕ್ಕೆ ನನ್ನ ಮೊದಲ ಆಯ್ಕೆ ದಾದರ್. ಲೋಕಲ್ ರೈಲಿನ ವೆಸ್ಟರ್ನ್ ಮತ್ತು ಸೆಂಟ್ರಲ್ ಎರಡೂ ಲೈನುಗಳು ಸೇರುವ ಸ್ಟೇಷನ್ ಅದು, ಫಾಸ್ಟ್ ಗಾಡಿಗಳೂ ನಿಲ್ಲುತ್ತವೆ. ಮೈಸೂರಿನಿಂದ ಬರುವ ಶರಾವತಿ ಎಕ್ಸ್‌ಪ್ರೆಸ್, ಬೆಂಗಳೂರು-ಹುಬ್ಬಳ್ಳಿ ಮೇಲೆ ಬರುವ ಚಾಲುಕ್ಯ ಎಕ್ಸ್‌ಪ್ರೆಸ್ ಎರಡರ ಕೊನೆಯ ನಿಲ್ದಾಣವೂ ಇದೇ. ಇಲ್ಲಿ ಎಡವುವುದು ಈಸ್ಟ್-ವೆಸ್ಟ್, ಅಂದರೆ ಹಳಿಯ ಪೂರ್ವದ ಕಡೆಯೋ ಪಶ್ಚಿಮದ ಕಡೆಯೋ ಎನ್ನುವ ವಿಚಾರದಲ್ಲಿ. ಪ್ಲಾಟ್‌ಫಾರ್ಮ್ 1ರಿಂದ 7 ವೆಸ್ಟರ್ನ್ ಲೈನಿನವು, 8ರಿಂದ 14 ಸೆಂಟ್ರಲ್‌ನವು. ನಮ್ಮ ಕಡೆಯ ಗಾಡಿಗಳು ಸೆಂಟ್ರಲ್ ಕಡೆ ಬರುವುದರಿಂದ ಈಸ್ಟ್ ಬಾಗಿಲು ಹತ್ತಿರ. ರೂಮು ವೆಸ್ಟ್‌ನಲ್ಲಿದ್ದರೆ ಸೂಟ್‌ಕೇಸುಗಳನ್ನು ಹೊತ್ತು ಇಡೀ ಸೇತುವೆ ದಾಟಬೇಕು, ಅದೂ ಹೂವು-ತರಕಾರಿ ವ್ಯಾಪಾರದ ಜನಜಂಗುಳಿಯ ನಡುವೆ. ನಕ್ಷೆಯಲ್ಲಿ ಸ್ಟೇಷನ್ನಿಗೆ 400 ಮೀಟರ್ ಎಂದಿದ್ದರೆ ಯಾವ ಕಡೆಯ 400 ಮೀಟರ್ ಎಂದು ನೋಡಿ. ಅಂಧೇರಿ, ಬೋರಿವಲಿ, ಘಾಟ್ಕೋಪರ್‌ಗಳಿಗೂ ಇದೇ ಮಾತು.

2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ ಮೆಟ್ರೊ 3, ಅಂದರೆ ನೆಲದಡಿಯ ಆಕ್ವಾ ಲೈನ್, ದಾದರ್‌ನ ಬೆಲೆಯನ್ನು ಇನ್ನೂ ಏರಿಸಿದೆ. ಸಿದ್ಧಿವಿನಾಯಕ, ವಿಜ್ಞಾನ ಕೇಂದ್ರ, ಮಹಾಲಕ್ಷ್ಮಿ, ಗಿರ್‌ಗಾಂವ್, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲವೂ ಒಂದೇ ಲೈನಿನಲ್ಲಿವೆ, ವಿಮಾನ ನಿಲ್ದಾಣದ ಟಿ1, ಟಿ2 ಕೂಡ. ಟಿಕೆಟ್ 10ರಿಂದ 70 ರೂಪಾಯಿ. ಎಸಿ, ಲಿಫ್ಟ್, ಎಸ್ಕಲೇಟರ್ ಇರುವುದರಿಂದ ಹಿರಿಯರಿಗೆ ಲೋಕಲ್‌ಗಿಂತ ಎಷ್ಟೋ ವಾಸಿ. ದಾದರ್ ಮೆಟ್ರೊ ಇರುವುದು ವೆಸ್ಟ್‌ನಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ನಡೆಯಬೇಕು. ರೈಲಿನಲ್ಲಿ ಬಂದು ಹೋಗುವವರು ಈಸ್ಟ್, ವಿಮಾನದಲ್ಲಿ ಬಂದು ಮೆಟ್ರೊದಲ್ಲಿ ತಿರುಗುವವರು ವೆಸ್ಟ್ ಎಂದು ಇಟ್ಟುಕೊಂಡರೆ ತಪ್ಪಾಗದು.

ಆದರೂ ದಾದರ್ ಬೇಡದ ದಿನಗಳಿವೆ. ಡಿಸೆಂಬರ್ 6 ಬಾಬಾಸಾಹೇಬ್ ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ; ಶಿವಾಜಿ ಪಾರ್ಕ್ ಬಳಿಯ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ. ದರ್ಶನಕ್ಕೇ ಹೋಗುವವರ ಮಾತು ಬೇರೆ, ಉಳಿದವರು 5ರಿಂದ 7ರವರೆಗೆ ಬೇರೆ ಕಡೆ ರೂಮು ನೋಡಿ. ಗಣೇಶೋತ್ಸವದ ಹತ್ತು ದಿನ ಲಾಲ್‌ಬಾಗ್-ಪರೇಲ್ ರಸ್ತೆಗಳಲ್ಲಿ ಟ್ಯಾಕ್ಸಿ ನಂಬುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದರೆ ನೀರು ಹೊರಹೋಗಲು ದಾರಿ ಸಿಗದೆ ದಾದರ್ ಈಸ್ಟ್ ಪಕ್ಕದ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಯನ್, ಅತ್ತ ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ ಮುಳುಗುತ್ತವೆ. ಮಳೆಗಾಲದಲ್ಲಿ ಇವುಗಳಿಗೆ ಅಂಟಿಕೊಂಡ ರೂಮು ಬೇಡ. ಪರೇಲ್-ದಾದರ್‌ನ ಧರ್ಮಶಾಲೆಗಳ ಬಗ್ಗೆಯೂ ಒಂದು ಮಾತು: ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ದೂರದೂರದಿಂದ ಬರುವ ರೋಗಿಗಳ ಮನೆಯವರು ಅಲ್ಲಿ ಉಳಿಯುತ್ತಾರೆ. ಅಗ್ಗವಾಗಿ ಸಿಗುತ್ತದೆಂದು ಪ್ರವಾಸಕ್ಕೆ ಹೋದವರು ಆ ಜಾಗ ಹಿಡಿಯುವುದು ಸರಿಯಲ್ಲ.

ಮಾಟುಂಗಾದ ಹೆಸರು ಕೇಳದ ಕನ್ನಡಿಗರಿಲ್ಲ. ಸ್ಟೇಷನ್ ಎದುರಿನ ರಾಮಾ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್, ಮೈಸೂರು ಕೆಫೆ, ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಶನ್ ಎಲ್ಲ ಇಲ್ಲೇ. ಊಟದ ಚಿಂತೆ ಇರುವವರು ಇಲ್ಲಿಯೇ ರೂಮು ಹುಡುಕುತ್ತಾರೆ, ಸಿಗುವುದು ಕಡಿಮೆ. ಇದು ಮನೆಗಳಿರುವ ಏರಿಯಾ. ಪಕ್ಕದ ದಾದರ್ ಈಸ್ಟ್‌ನಲ್ಲೋ ಸಯನ್‌ನಲ್ಲೋ ಉಳಿದು ಊಟಕ್ಕೆ ಇಲ್ಲಿಗೆ ಬರುವುದು ಸುಲಭ. ಸೆಂಟ್ರಲ್‌ನ ಮಾಟುಂಗಾ, ವೆಸ್ಟರ್ನ್‌ನ ಮಾಟುಂಗಾ ರೋಡ್, ಹಾರ್ಬರ್‌ನ ಕಿಂಗ್ಸ್ ಸರ್ಕಲ್ ಮೂರೂ ಬೇರೆ ಬೇರೆ ಸ್ಟೇಷನ್ನುಗಳು. ಮೊದಲ ಎರಡರಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ, ಫಾಸ್ಟ್ ಹತ್ತಿದರೆ ದಾಟಿ ಹೋಗುತ್ತೀರಿ.

ಕರಾವಳಿಯಿಂದ ಮತ್ಸ್ಯಗಂಧ ಹತ್ತಿ ಬರುವವರು ಬೆಳ್ಳಂಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತಾರೆ. ಅಲ್ಲಿ ಲೋಕಲ್ ಇಲ್ಲ. ಹತ್ತಿರದ ತಿಲಕ್ ನಗರ ಸ್ಟೇಷನ್ನಿಗೆ ನಡೆಯಬೇಕು. ಆಟೊ ಹತ್ತಿದರೆ ಸಯನ್‌ವರೆಗೆ ಮಾತ್ರ, ದಾದರ್‌ಗೆ ಟ್ಯಾಕ್ಸಿಯೇ ಬೇಕು. ಅಷ್ಟು ಬೇಗ ಹೋಗಿ ಮಧ್ಯಾಹ್ನ ಹನ್ನೆರಡರ ಚೆಕ್‌ಇನ್ ಇರುವ ಹೋಟೆಲಿನ ಮುಂದೆ ನಿಂತರೆ ಮಕ್ಕಳನ್ನು ಎಲ್ಲಿ ಮಲಗಿಸುವುದು? 24 ಗಂಟೆ ಚೆಕ್‌ಇನ್ ಇರುವ ಜಾಗ ಹುಡುಕಿ, ಅಥವಾ ಲಗೇಜು ಇಟ್ಟು ಸ್ನಾನಕ್ಕೆ ಒಂದು ರೂಮು ಕೊಡುತ್ತಾರೆಯೇ ಎಂದು ಮೊದಲೇ ಮಾತಾಡಿ.

ಅಂಧೇರಿ ಈಸ್ಟ್, ವಿಲೇಪಾರ್ಲೆ ಸಂಪೂರ್ಣ ತಪ್ಪು ಎಂದಲ್ಲ. ಮೇಲಿನ ಪಟ್ಟಿಯೇ ಉದ್ದವಾಗಿದ್ದರೆ, ಅಥವಾ ಮರಳುವ ವಿಮಾನ ಬೆಳಗಿನ ಜಾವಕ್ಕಿದ್ದರೆ, ಕೊನೆಯ ರಾತ್ರಿಗೆ ಸರಿ. ಮೊದಲ ಮೆಟ್ರೊ ಹೊರಡುವುದು ಆರರ ಹೊತ್ತಿಗೆ. ಮರೋಳ್ ನಾಕಾದಂಥ ಮೆಟ್ರೊ 3ರ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಪೂರ್ತಿ ಪ್ರವಾಸಕ್ಕೂ ನಡೆಯುತ್ತದೆ. ನವೀ ಮುಂಬೈಯ ವಾಶಿಯಲ್ಲಿ ರೂಮುಗಳು ದೊಡ್ಡವು, ಸ್ವಚ್ಛ. ಆದರೆ ಸಿಎಸ್‌ಎಂಟಿಗೆ ಹಾರ್ಬರ್ ಲೈನಿನಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು. ಈಗ ಆ ಕಡೆಯೂ ಒಂದು ವಿಮಾನ ನಿಲ್ದಾಣ ಇರುವುದರಿಂದ ನಿಮ್ಮ ಟಿಕೆಟ್ ಯಾವುದಕ್ಕೆ ಎಂದು ನೋಡಿಕೊಂಡೇ ರೂಮು ಹಿಡಿಯಿರಿ.

ಲೋಕಲ್ ಹತ್ತುವುದೇ ಆದರೆ ಹನ್ನೊಂದರಿಂದ ನಾಲ್ಕರ ನಡುವೆ ಹತ್ತಿ. ಹೆಂಗಸರು ಲೇಡೀಸ್ ಡಬ್ಬಿಗೆ, ಗಂಡಸರು ಜನರಲ್‌ಗೆ ಎಂದು ಬೇರೆಯಾಗುವಾಗ ಇಳಿಯುವ ಸ್ಟೇಷನ್ನಿನ ಹೆಸರು, ಯಾವ ಸೇತುವೆಯ ಕೆಳಗೆ ಸೇರುವುದು ಎಂಬುದನ್ನು ಮೊದಲೇ ಹೇಳಿಕೊಂಡಿರಬೇಕು. ಇಳಿಯುವ ಮುಂಚಿನ ಸ್ಟೇಷನ್ನಿನಲ್ಲೇ ಎದ್ದು ಬಾಗಿಲ ಕಡೆ ಬನ್ನಿ. ಭಾನುವಾರ ದುರಸ್ತಿಗಾಗಿ ಗಾಡಿಗಳನ್ನು ಕಡಿತ ಮಾಡುವ ಮೆಗಾಬ್ಲಾಕ್ ಇರುತ್ತದೆ, ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ಆಸುಪಾಸು. ಯಾವ ಲೈನು ಎಂದು ಹಿಂದಿನ ದಿನವೇ ಪ್ರಕಟಿಸುತ್ತಾರೆ. ಬೋರಿವಲಿ, ವಾಶಿಯಂಥ ದೂರದ ಪ್ರಯಾಣವನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಅಂದು ಫೋರ್ಟ್, ಮರೀನ್ ಡ್ರೈವ್ ನಡೆದು ನೋಡಿ, ತಿಂಡಿ ಮುಗಿಸಿಕೊಂಡೇ ಹೊರಡಿ.